ಸಾಫ್ಟ್‌ವೇರ್ ಹೇಳಿದ ಪ್ಯಾನೆಲ್ ಹಾಕಿದರೂ ಕೋಣೆ ಯಾಕೆ ಗುಂಯ್ ಅನ್ನುತ್ತದೆ?

ಕೋಣೆಯ ಅಳತೆ ಕೊಟ್ಟು, ಮಾರ್ದನಿ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಯ್) ಎಷ್ಟು ಸೆಕೆಂಡಿಗೆ ಇಳಿಯಬೇಕು ಅಂತ ತಿಳಿಸಿದರೆ ಸಾಕು. ಸದ್ದು ಹೀರುವ ಯಾವ ವಸ್ತು, ಎಷ್ಟು ಚದರ ಮೀಟರ್ ಬೇಕು ಅನ್ನೋದನ್ನು ಸಾಫ್ಟ್‌ವೇರ್ ಹೇಳಿಬಿಡುತ್ತದೆ. ಅದರ ಪ್ರಕಾರವೇ ಪ್ಯಾನೆಲ್ ಹಾಕಿಸಿದ ಮೇಲೂ ಮಾತು ಸ್ಪಷ್ಟವಾಗಿ ಕೇಳದೆ ಜಗಳ ಶುರುವಾಗುವುದುಂಟು. ಪ್ಯಾನೆಲ್ ಕೊಟ್ಟವರ ಹತ್ತಿರ ಟೆಸ್ಟ್ ರಿಪೋರ್ಟ್ ಇರುತ್ತದೆ, ಡಿಸೈನ್ ಮಾಡಿದವರ ಹತ್ತಿರ ಲೆಕ್ಕ ಇರುತ್ತದೆ, ಎರಡರಲ್ಲೂ ತಪ್ಪು ಸಿಗುವುದಿಲ್ಲ.

ಈ ಲೆಕ್ಕ ಶುರುವಾದದ್ದು 1895ರಲ್ಲಿ. ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಮಾರ್ದನಿ ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು, ಪಾಠವೇ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಮಾಡಲು ಹೊರಟ ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಸೇಬಿನ್, ಪಕ್ಕದ ಥಿಯೇಟರ್‌ನ ಸೀಟಿನ ದಿಂಬುಗಳನ್ನು ತಂದು ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಹೊತ್ತನ್ನು ಅಳೆದರು. ಆಮೇಲೆ ಸಿಕ್ಕ ಸೂತ್ರ ತುಂಬಾ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಮಾರ್ದನಿಯ ಅವಧಿ. ಹೀರಿಕೆ ಅಂದರೆ ಪ್ರತಿ ಮೇಲ್ಮೈಯ ಚದರ ಮೀಟರನ್ನು, ಅದರ ಮೇಲೆ ಬಿದ್ದ ಸದ್ದಿನಲ್ಲಿ ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ್ದು. 1968ರಲ್ಲಿ ನಾರ್ವೆಯವರು ಧ್ವನಿಯ ಕಿರಣಗಳನ್ನು ಕಂಪ್ಯೂಟರಿನಲ್ಲಿ ಓಡಿಸಿದರು, 1984ರಲ್ಲಿ ಡೆನ್ಮಾರ್ಕ್‌ನಲ್ಲಿ ಓಡಿಯಾನ್ ಅನ್ನೋ ಕೋಣೆಯ ಸದ್ದಿನ ಸಾಫ್ಟ್‌ವೇರ್ ಶುರುವಾಯಿತು, ಈಗ ಲ್ಯಾಪ್‌ಟಾಪ್ ಸಾಕು.

ಕೋಣೆಯ ಲೆಕ್ಕ ಹೀಗೆ ಬೆಳೆಯುತ್ತಾ ಹೋಯಿತು, ವಸ್ತುವಿನ ಲೆಕ್ಕ ಮಾತ್ರ ಬೇರೆ ದಾರಿ ಹಿಡಿಯಿತು. 1970ರಲ್ಲಿ ಡೆಲನಿ ಮತ್ತು ಬೇಜ್ಲಿ ಎಂಬ ಸಂಶೋಧಕರು, ನಾರಿನ ವಸ್ತುವಿನೊಳಗೆ ಗಾಳಿ ಹಾಯಲು ಎಷ್ಟು ತಡೆ ಇದೆ ಅನ್ನೋ ಒಂದೇ ಅಂಕಿಯಿಂದ ಅದು ಎಷ್ಟು ಸದ್ದು ಹೀರುತ್ತದೆ ಅಂತ ಅಂದಾಜು ಮಾಡುವ ದಾರಿ ತೋರಿಸಿದರು. ಗ್ಲಾಸ್‌ವೂಲ್‌ಗೆ ಇದು ಚೆನ್ನಾಗಿ ಒಗ್ಗಿತು, ಆದರೆ ತೀರಾ ಕೆಳಗಿನ ಸ್ವರಗಳಲ್ಲಿ ಅಸಂಬದ್ಧ ಉತ್ತರ ಕೊಡುತ್ತಿತ್ತು. 1990ರಲ್ಲಿ ಮಿಕಿ ಅದನ್ನು ತಿದ್ದಿದರು. ಫೋಮ್‌ನಂಥ ವಸ್ತುಗಳಿಗೆ ಜಾನ್ಸನ್, ಶಾಂಪೂ, ಅಲ್ಲಾರ್ಡ್ ಎಂಬ ಸಂಶೋಧಕರ ಹೆಸರಿನ ಲೆಕ್ಕದ ಮಾದರಿ ಬಂತು. ಅದಕ್ಕೆ ಐದು ಅಂಕಿ ಬೇಕು: ಎಷ್ಟು ಭಾಗ ಪೊಳ್ಳು, ಗಾಳಿಗೆ ಎಷ್ಟು ತಡೆ, ಒಳದಾರಿ ಎಷ್ಟು ಅಂಕುಡೊಂಕು, ಜೊತೆಗೆ ರಂಧ್ರಗಳ ಎರಡು ಅಳತೆ. ಇವನ್ನೆಲ್ಲ ಅಳೆದು ಕೊಡುವವರು ಕಡಿಮೆ. ಹಾಗಾಗಿ ಕೋಣೆಯ ಸಾಫ್ಟ್‌ವೇರಿನೊಳಗೆ ಹೆಚ್ಚಾಗಿ ಹೋಗುವುದು ಕ್ಯಾಟಲಾಗಿನ ಹೀರಿಕೆ ಅಂಕಿಗಳೇ.

ಒಂದು ಲೆಕ್ಕ ಮಾಡಿ ನೋಡೋಣ. 200 ಘನ ಮೀಟರ್ ಕೋಣೆ, ಮಾರ್ದನಿ 2 ಸೆಕೆಂಡ್, ಅದು 0.6ಕ್ಕೆ ಇಳಿಯಬೇಕು. ಈಗಿರುವ ಹೀರಿಕೆ ಸುಮಾರು 16 ಚದರ ಮೀಟರ್, ಬೇಕಾಗಿರುವುದು 54. ಪ್ಯಾನೆಲ್‌ನ ಅಂಕಿ 0.9, ಅಂದರೆ ಬಿದ್ದ ಸದ್ದಿನ ಹತ್ತರಲ್ಲಿ ಒಂಬತ್ತು ಪಾಲು ಹೀರುತ್ತದೆ ಅಂತಿದ್ದರೆ 42 ಚದರ ಮೀಟರ್ ಹಾಕಿದರೆ ಆಯ್ತು, ಅಲ್ವಾ? ಆದರೆ ಅದೇ ತೆಳು ಪ್ಯಾನೆಲ್ ಕೆಳಗಿನ ಸ್ವರವಾದ 125 ಹರ್ಟ್ಸ್‌ನಲ್ಲಿ ಬರೀ 0.15 ಹೀರಿದರೆ ಅಲ್ಲಿ ಸೇರುವುದು ಆರು ಚದರ ಮೀಟರ್ ಚಿಲ್ಲರೆ ಅಷ್ಟೇ. ಆ ಸ್ವರಗಳಲ್ಲಿ ಮಾರ್ದನಿ 1.4 ಸೆಕೆಂಡಿನಲ್ಲೇ ನಿಲ್ಲುತ್ತದೆ. ಮೇಲಿನ ಸ್ವರಗಳು ಸತ್ತು, ಕೆಳಗಿನವು ಹಾಗೇ ಉಳಿದು, ಕೋಣೆ ಮೊದಲಿಗಿಂತ ಜಾಸ್ತಿ ಗುಂಯ್ ಅನ್ನುವಂತೆ ಕೇಳುತ್ತದೆ. ಕ್ಯಾಟಲಾಗಿನ ಮುಖಪುಟದಲ್ಲಿರುವ ಎನ್‌ಆರ್‌ಸಿ ಅನ್ನೋ ಒಂಟಿ ಅಂಕಿ 250ರಿಂದ 2000 ಹರ್ಟ್ಸ್‌ವರೆಗಿನ ನಾಲ್ಕು ಅಂಕಿಗಳ ಸರಾಸರಿ. 125 ಅದರಲ್ಲಿ ಇಲ್ಲವೇ ಇಲ್ಲ. ಇಷ್ಟು ಮುಖ್ಯವಾದ ವಿಷಯ ಕ್ಯಾಟಲಾಗಿನ ಒಳಪುಟದ ಸಣ್ಣ ಅಕ್ಷರದಲ್ಲಿ ಉಳಿಯಬಾರದಿತ್ತು.

ಅಂಕಿ ಹುಟ್ಟುವ ಜಾಗವನ್ನೂ ನೋಡಬೇಕು. ಐಎಸ್‌ಒ 354 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಾರ್ದನಿ ತುಂಬಿದ ಲ್ಯಾಬ್ ಕೋಣೆಯಲ್ಲಿ 10ರಿಂದ 12 ಚದರ ಮೀಟರ್ ವಸ್ತು ಹಾಸಿ ಅಳೆಯುತ್ತಾರೆ. ಅಂಚುಗಳ ಪರಿಣಾಮದಿಂದ ಉತ್ತರ ಕೆಲವೊಮ್ಮೆ 1ನ್ನೂ ದಾಟುತ್ತದೆ. ಬಿದ್ದ ಸದ್ದಿಗಿಂತ ಹೆಚ್ಚು ಹೀರಿದೆ ಅಂತ ಅರ್ಥವಲ್ಲ, ಅದು ಅಳತೆಯ ಗುಣ. 1990ರ ದಶಕದಲ್ಲಿ ಜರ್ಮನಿಯಲ್ಲಿ ಬೇರೆ ಬೇರೆ ಸಾಫ್ಟ್‌ವೇರ್‌ಗಳಿಗೆ ಒಂದೇ ಸಭಾಂಗಣ ಕೊಟ್ಟು ಹೋಲಿಸಿದಾಗ, ಮೊದಲ ಸುತ್ತಿನಲ್ಲಿ ಹೀರಿಕೆಯನ್ನು ಅವರವರೇ ಅಂದಾಜು ಮಾಡಬೇಕಿತ್ತು. ಉತ್ತರಗಳು ದಿಕ್ಕಿಗೊಂದಾಗಿ ಚದುರಿದವು.

ಕೆಳಗಿನ ಸ್ವರ ಹಿಡಿಯಲು ದಪ್ಪ ಬೇಕು, ಇಲ್ಲವೇ ಹಿಂದೆ ಗಾಳಿಯ ಜಾಗ ಬೇಕು. ಗೋಡೆಯಿಂದ ಅಲೆಯ ಕಾಲು ಭಾಗದಷ್ಟು ದೂರದಲ್ಲಿ ಗಾಳಿ ಹೆಚ್ಚು ಓಡಾಡುವುದರಿಂದ ನಾರಿನ ವಸ್ತು ಅಲ್ಲಿ ಚೆನ್ನಾಗಿ ಹೀರುತ್ತದೆ. 500 ಹರ್ಟ್ಸ್‌ನ ಅಲೆಯ ಕಾಲು ಭಾಗ 17 ಸೆಂಟಿಮೀಟರ್, 100 ಹರ್ಟ್ಸ್‌ನದು 86. ಅದೇ ಪ್ಯಾನೆಲ್ಲನ್ನು ಗೋಡೆಗೆ ಅಂಟಿಸದೆ 10 ಸೆಂಟಿಮೀಟರ್ ಬಿಟ್ಟು ಕೂರಿಸಿದರೆ ಹೀರಿಕೆ ಕೆಳಗಿನ ಸ್ವರಗಳ ಕಡೆಗೆ ಸರಿಯುತ್ತದೆ. ಹೀಗಾಗಿ ಸಾಫ್ಟ್‌ವೇರಿಗೆ ಹಾಕುವ ಅಂಕಿ ಯಾವ ಜೋಡಣೆಯಲ್ಲಿ ಅಳೆದದ್ದು ಅಂತ ಟೆಸ್ಟ್ ರಿಪೋರ್ಟಿನಲ್ಲಿ ನೋಡಿ, ನಿಮ್ಮ ಗೋಡೆಯಲ್ಲೂ ಹಾಗೇ ಕೂರಿಸಿ.