ಬಣ್ಣ ಬಳಿದ ಕಡಲೆಲ್ಲ ಜಪಾನಲ್ಲ

ಜಪಾನಿನ ಸಾಗರ ನೀತಿಯ ಸುದ್ದಿ ಬಂದ ವಾರ ಸಮುದ್ರ ಕಾನೂನಿನ ವಕೀಲಿಕೆ ಮಾಡುವ ನನಗೆ ಫೋನ್ ಕರೆಗಳು ಹೆಚ್ಚು. 2023ರಲ್ಲಿ ಅಲ್ಲಿನ ಸಂಪುಟ ನಾಲ್ಕನೆಯ ಸಾಗರ ಮೂಲ ಯೋಜನೆಗೆ ಒಪ್ಪಿಗೆ ಕೊಟ್ಟಾಗಲೂ ಹಾಗೆಯೇ ಆಯಿತು. ಕೇಳುವವರು ಹಡಗು ಕಂಪನಿಯವರು, ವಿಮೆಯವರು, ಕೆಲವೊಮ್ಮೆ ಪತ್ರಕರ್ತರು. ಪ್ರಶ್ನೆ ಮಾತ್ರ ಒಂದೇ: ನಕ್ಷೆಯಲ್ಲಿ ದ್ವೀಪಗಳ ಸುತ್ತ ಬಣ್ಣ ತುಂಬಿದ ಕಡಲೆಲ್ಲ ಜಪಾನಿಗೆ ಸೇರಿದ್ದಲ್ಲವೇ, ಹಾದುಹೋಗಲು ಅಪ್ಪಣೆ ಬೇಕಲ್ಲವೇ?

ಸೇರಿದ್ದಲ್ಲ. ಬೇಕಿಲ್ಲ. ಸಾರ್ವಭೌಮತ್ವ ಇರುವುದು 12 ನಾಟಿಕಲ್ ಮೈಲಿಯವರೆಗಿನ ಪ್ರಾದೇಶಿಕ ಸಮುದ್ರದಲ್ಲಿ. ಅಲ್ಲಿಯೂ ಶಾಂತವಾಗಿ ಹಾದುಹೋಗುವ ಹಡಗಿಗೆ ದಾರಿ ಇದೆ. ಅದರಾಚೆ 200 ಮೈಲಿಯವರೆಗಿನದು ವಿಶೇಷ ಆರ್ಥಿಕ ವಲಯ. ಕೆರೆಯ ಮೀನನ್ನು ಹರಾಜಿನಲ್ಲಿ ಕೂಗಿಕೊಂಡವನಿಗೆ ಕೆರೆಯೇ ಸೇರುವುದಿಲ್ಲವಲ್ಲ, ಹಾಗೆ. ಮೀನು, ತಳದ ಖನಿಜ, ಗಾಳಿ ಮತ್ತು ಅಲೆಯ ವಿದ್ಯುತ್ತಿನ ಮೇಲೆ ಹಕ್ಕು ಕರಾವಳಿ ದೇಶದ್ದು. ಹಡಗು ಓಡಿಸುವ, ವಿಮಾನ ಹಾರಿಸುವ, ಕೇಬಲ್ ಹಾಕುವ ಸ್ವಾತಂತ್ರ್ಯ ಎಲ್ಲರದ್ದು. ಬಲೆ ಬೀಸುವುದಾದರೆ ಅನುಮತಿ ಬೇಕು. ವೈಜ್ಞಾನಿಕ ಸಂಶೋಧನೆಗಾದರೆ ಕನಿಷ್ಠ ಆರು ತಿಂಗಳು ಮೊದಲೇ ವಿವರ ಸಲ್ಲಿಸಬೇಕು. ಇಷ್ಟನ್ನು ಹೇಳಿ ಮುಗಿಸಿದ ಮೇಲೂ ‘ಆದರೂ ಅದು ಅವರ ಸಮುದ್ರವೇ ತಾನೆ?’ ಎನ್ನುವವರಿದ್ದಾರೆ. ಅವರಿಗೆ ಏನು ಹೇಳುವುದು!

2016ರ ಏಪ್ರಿಲ್‌ನಲ್ಲಿ ಒಕಿನೊತೊರಿ ಎಂಬ ಹವಳದ ದಿಬ್ಬದ ಸುತ್ತ ಜಪಾನ್ ತನ್ನದೆನ್ನುವ ಇಂಥ ಆರ್ಥಿಕ ವಲಯದಲ್ಲಿ ಮೀನು ಹಿಡಿಯುತ್ತಿದ್ದ ತೈವಾನಿನ ದೋಣಿಯೊಂದನ್ನು ಜಪಾನ್ ವಶಕ್ಕೆ ತೆಗೆದುಕೊಂಡಿತು. ಭದ್ರತಾ ಠೇವಣಿ ಕಟ್ಟಿದ ಮೇಲೆ ಬಿಟ್ಟಿತು. ನಿಯಮ ಇರುವುದೇ ಹಾಗೆ: ಆರ್ಥಿಕ ವಲಯದಲ್ಲಿ ಸಿಕ್ಕಿಬಿದ್ದವರನ್ನು ತಕ್ಕ ಭದ್ರತೆ ಪಡೆದು ಬೇಗನೆ ಬಿಡಬೇಕು. ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಮೀನುಗಾರಿಕೆಯ ತಪ್ಪಿಗೆ ಜೈಲು ಶಿಕ್ಷೆಯೂ ಇಲ್ಲ. ಸ್ವಂತ ನೆಲದಲ್ಲಿ ಯಾವ ಸರ್ಕಾರದ ಕೈಯನ್ನು ಹೀಗೆ ಕಟ್ಟಲಾಗುತ್ತದೆ?

ತೈವಾನಿನ ತಕರಾರು ಬೇರೆಯೇ ಇತ್ತು. ಒಕಿನೊತೊರಿ ಬಂಡೆ, ದ್ವೀಪವಲ್ಲ ಎಂದು. ಟೋಕಿಯೋದಿಂದ ಸುಮಾರು 1,700 ಕಿಲೋಮೀಟರ್ ದಕ್ಷಿಣದ ಈ ಹವಳದ ದಿಬ್ಬದಲ್ಲಿ ಉಬ್ಬರದ ಹೊತ್ತಿಗೂ ನೀರಿನ ಮೇಲೆ ಉಳಿಯುವುದು ಎರಡೇ ತುಣುಕು. ಎರಡೂ ಒಂದು ಕೋಣೆಯೊಳಗೆ ಹಿಡಿಸಿಯಾವು. ಕರಗಿಹೋಗದಂತೆ 1987ರಿಂದ ಅವುಗಳ ಸುತ್ತ ಉಕ್ಕಿನ ದಿಮ್ಮಿ, ಕಾಂಕ್ರೀಟ್ ಹಾಕಿದ್ದಾರೆ; ಒಂದರ ಮೇಲೆ ಟೈಟಾನಿಯಂ ಜಾಲರಿಯೂ ಇದೆ. ಇಷ್ಟೆಲ್ಲ ಏಕೆಂದರೆ, 200 ಮೈಲಿ ತ್ರಿಜ್ಯದ ಪೂರ್ಣ ವೃತ್ತ ಎಳೆದರೆ ಸುಮಾರು 4.3 ಲಕ್ಷ ಚದರ ಕಿಲೋಮೀಟರ್, ಜಪಾನಿನ ಇಡೀ ನೆಲಕ್ಕಿಂತ ಹೆಚ್ಚು. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 121ನೆಯ ವಿಧಿಯೋ, ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಜೀವನವನ್ನಾಗಲಿ ನಡೆಸಲಾರದ ಬಂಡೆಗೆ 12 ಮೈಲಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕಾಂಕ್ರೀಟ್ ಬಂಡೆಯನ್ನು ಕಾಯಬಹುದು, ಅದರ ದರ್ಜೆ ಏರಿಸದು. ಹಾಗೆಂದು ಜಪಾನಿನ ವಾದ ಬಿದ್ದುಹೋಯಿತು ಎಂದು ನಾನು ಬರೆದುಕೊಡಲಾರೆ. ಈ ಬಂಡೆಗಳ ಬಗ್ಗೆ ಯಾವ ನ್ಯಾಯಾಲಯವೂ ತೀರ್ಪು ಕೊಟ್ಟಿಲ್ಲ. ದಕ್ಷಿಣ ಚೀನಾ ಸಮುದ್ರದ ಬಗ್ಗೆ 2016ರ ಜುಲೈನಲ್ಲಿ ಬಂದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯ ತೀರ್ಪು ಒಕಿನೊತೊರಿಗಿಂತ ಎಷ್ಟೋ ದೊಡ್ಡದಾದ, ಸಿಹಿನೀರಿನ ಬಾವಿಗಳಿರುವ, ಅದೇ ಸಮುದ್ರದ ಇಟು ಅಬಾವನ್ನೂ ಬಂಡೆ ಎಂದಿತು. ಅದು ಜಪಾನನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಟೋಕಿಯೋದ ವಕೀಲರು ಅದನ್ನು ಓದದೆ ಬಿಟ್ಟಿರಲಿಕ್ಕಿಲ್ಲ.

ಆ ತೀರ್ಪು ಜನವಸತಿಯ ಇತಿಹಾಸವನ್ನು ಗಟ್ಟಿ ಸಾಕ್ಷ್ಯವೆಂದು ಕಂಡಿತು. ಅಲ್ಲಿ ನಿಯೋಜಿತರಾದ ಸೈನಿಕರನ್ನಲ್ಲ, ಅಲ್ಲೇ ಬಾಳಿ ಬದುಕಿದವರನ್ನು. ಜಪಾನಿನಲ್ಲಿ 2017ರಿಂದ ಜಾರಿಯಲ್ಲಿರುವ, ಜನವಸತಿಯುಳ್ಳ ಗಡಿ ದ್ವೀಪಗಳ ಕಾಯಿದೆ ತ್ಸುಶಿಮಾ, ಗೊಟೊ, ಸಾಡೊದಂಥ ಕಡೆಯ ನಿವಾಸಿಗಳಿಗೆ ಹಡಗು, ವಿಮಾನದ ದರ ಇಳಿಸುತ್ತದೆ, ಅಲ್ಲಿ ಉದ್ಯೋಗ ಹುಟ್ಟಿಸುವವರಿಗೆ ನೆರವು ಕೊಡುತ್ತದೆ. ಆ ದ್ವೀಪಗಳ ಕಾನೂನು ದರ್ಜೆಗೆ ಕುತ್ತೇನೂ ಇಲ್ಲ. ಊರು ಖಾಲಿಯಾದರೆ ಕಡಲಿನ ಮೇಲೆ ಕಣ್ಣಿಡುವವರು ಯಾರು ಎಂಬುದಷ್ಟೇ ಚಿಂತೆ. ಮುದುಕರೊಬ್ಬರು ಆಸ್ಪತ್ರೆಗೆಂದು ದಡದ ಊರಿಗೆ ಹೋಗಿ ಸಂಜೆಯ ಹಡಗಿಗೆ ವಾಪಸು ಬರುವ ಖರ್ಚು ಸಾಗರ ನೀತಿಯ ಬಾಬ್ತು ಎಂದರೆ ನನ್ನ ಕಕ್ಷಿದಾರರು ನಗುತ್ತಾರೆ. ಟೈಟಾನಿಯಂ ಜಾಲರಿಯ ಖರ್ಚಿಗೆ ಮಾತ್ರ ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ.