ಕೊಳೆಸುವ ಗುಂಡಿಗೆ ಕೊಳೆಯದ ನೀರು

ನಮ್ಮ ಓಣಿಯಲ್ಲಿ ಬೆಳೆದ ಹುಡುಗನೊಬ್ಬ ಕಳೆದ ಮಾರ್ಚಿಯಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಎರಡು ಬಕೆಟ್‌ಗಳ ಮುಂದೆ ನಿಲ್ಲಿಸಿದ. ರಾಣೆಬೆನ್ನೂರಿನ ಬೀಗರ ಮನೆಯಿಂದ ತಂದ ಕುರಿಯ ತೊಗಲನ್ನು ಉಣ್ಣೆ ಸಮೇತ ಹದ ಮಾಡಿ ಹಾಸು ಮಾಡಬೇಕೆಂಬುದು ಅವನ ಹಂಬಲ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಕಲಿತಿದ್ದ. ತೊಗಲೇನೋ ಚೆನ್ನಾಗಿಯೇ ಬಂದಿತ್ತು. ಉಳಿದದ್ದು ಒಂದು ಬಕೆಟ್ ಉಪ್ಪುನೀರು, ಇನ್ನೊಂದು ಬಕೆಟ್ ಉಪ್ಪು ಮತ್ತು ಪಟಿಕದ ನೀರು. ಅವನು ಈಗ ಮನೆ ಕಟ್ಟಿಕೊಂಡಿರುವುದು ಹುಬ್ಬಳ್ಳಿಯ ಅಂಚಿನ ಬಡಾವಣೆಯಲ್ಲಿ. ಅಲ್ಲಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಎಲ್ಲರದ್ದೂ ಸೆಪ್ಟಿಕ್ ಟ್ಯಾಂಕ್, ಪಕ್ಕದಲ್ಲೊಂದು ಇಂಗುಗುಂಡಿ.

“ಕಾಕಾ, ಇದನ್ನು ಬಚ್ಚಲಿಗೆ ಸುರಿದುಬಿಡಲೇ? ಆಮೇಲೆ ಬೆಲ್ಲ, ಮೊಸರು ಕಲಸಿ ಹಾಕಿದರೆ ಟ್ಯಾಂಕ್ ಮತ್ತೆ ಸರಿಯಾಗುತ್ತದಂತೆ” ಎಂದ.

ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದ ನನಗೆ ಈ ‘ಅಂತೆ’ ಕೇಳಿದರೆ ಮೈ ಉರಿಯುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಬ್ಯಾಕ್ಟೀರಿಯಾಗಳ ಕೊರತೆ ಎಂದೂ ಇರುವುದಿಲ್ಲ. ಮನೆಮಂದಿಯೆಲ್ಲ ದಿನಾ ಬೆಳಗ್ಗೆ ತಪ್ಪದೆ ಕೋಟಿಗಟ್ಟಲೆ ಕಳಿಸಿಕೊಡುತ್ತಾರೆ. ಮೊಸರಿನವು ಹಾಲು ಹುಳಿ ಮಾಡುವುದರಲ್ಲಿ ನಿಪುಣರು, ಈ ಕೆಲಸಕ್ಕಲ್ಲ. ಪ್ಯಾಕೆಟ್‌ನಲ್ಲಿ ಮಾರುವ ‘ಟ್ಯಾಂಕ್ ಪುಡಿ’ಯೂ ಜಾತ್ರೆಯ ಗದ್ದಲದಲ್ಲಿ ನಾಲ್ಕು ಜನರನ್ನು ಹೆಚ್ಚಿಗೆ ಬಿಟ್ಟಂತೆ. ಹುಡುಗನ ಭಯವೂ ತಪ್ಪು ಜಾಗದಲ್ಲಿತ್ತು. ಟ್ಯಾಂಕಿನ ಜೀವಿಗಳು ಸಾಯುತ್ತವೆಯೇ ಎಂಬುದೊಂದೇ ಅವನ ಚಿಂತೆ. ಅಲ್ಲಿ ಏನೂ ಆಗದ ವಸ್ತು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲೇ ಇಲ್ಲ.

ಹೆಸರನ್ನೇ ನೋಡಿ. ‘ಸೆಪ್ಟಿಕ್’ ಎಂದರೆ ಗ್ರೀಕ್ ಮೂಲದಲ್ಲಿ ಕೊಳೆಸುವಂಥದ್ದು. ಫ್ರಾನ್ಸಿನ ಝಾನ್ ಲೂಯಿ ಮೂರಾ 1860ರ ಸುಮಾರಿಗೆ ತನ್ನ ಮನೆಯ ಕೊಳಚೆಗೆಂದು ಮುಚ್ಚಿದ ತೊಟ್ಟಿ ಕಟ್ಟಿಸಿದ. ವರ್ಷಗಳು ಕಳೆದ ಮೇಲೆ ತೆಗೆದು ನೋಡಿದರೆ ತುಂಬಿ ತುಳುಕಬೇಕಿದ್ದ ಗಟ್ಟಿ ಪದಾರ್ಥ ಹೆಚ್ಚುಕಡಿಮೆ ಮಾಯವಾಗಿತ್ತು! 1881ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಾಳಿಯಿಲ್ಲದ ಕತ್ತಲೆಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಅನಿಲ ಮಾಡಿ ಬಿಟ್ಟಿದ್ದವು. ಇನ್ನು ಚರ್ಮ ಹದ ಮಾಡುವ ವಿದ್ಯೆ ಯಾವುದು? ಕೊಳೆಯಬೇಕಾದದ್ದನ್ನು ಕೊಳೆಯದಂತೆ ಮಾಡುವುದು. ಒಂದು ಸೆಪ್ಟಿಕ್, ಇನ್ನೊಂದು ಅಪ್ಪಟ ಆ್ಯಂಟಿಸೆಪ್ಟಿಕ್. ಎರಡನ್ನೂ ಒಂದೇ ಗುಂಡಿಗೆ ಹಾಕುತ್ತೇನೆ ಎನ್ನುವವನು ಒಂದೇ ಒಲೆಯ ಮೇಲೆ ಐಸ್‌ಕ್ರೀಮನ್ನೂ ರೊಟ್ಟಿಯನ್ನೂ ಇಡಲು ಹೊರಟಿದ್ದಾನೆ.

ತೊಗಲಿನ ತಿರುಳು ಕೊಲಾಜೆನ್ ಎಂಬ ಪ್ರೋಟೀನ್. ಮೂರು ಎಳೆಗಳ ಜಡೆ, ಅಂಥ ಜಡೆಗಳ ಹುರಿ, ಹುರಿಗಳ ಹಗ್ಗ. ಹಸಿ ತೊಗಲಿನಲ್ಲಿ ಈ ಜಡೆಗಳ ನಡುವೆ ನೀರು ಸಲೀಸಾಗಿ ಓಡಾಡುತ್ತದೆ, ನೀರಿನ ಹಿಂದೆಯೇ ಕೊಳೆಸುವ ಜೀವಿಗಳೂ ಬರುತ್ತವೆ. ಹದ ಮಾಡುವ ವಸ್ತು ಜಡೆಗಳ ನಡುವೆ ಗಂಟು ಹಾಕಿ ಬಿಗಿಯುತ್ತದೆ. ನಮ್ಮ ಹಲಗೆಯ ತೊಗಲು ಹದ ಮಾಡಿದ್ದಲ್ಲ, ಕೂದಲು ತೆಗೆದು ಬಿಗಿದು ಒಣಗಿಸಿದ್ದು ಅಷ್ಟೆ. ಹೋಳಿ ಹುಣ್ಣಿಮೆಯಲ್ಲಿ ಬಾರಿಸುವವರು ಅದನ್ನು ನಡುನಡುವೆ ಬೆಂಕಿಗೆ ಹಿಡಿಯುವುದು ಅದಕ್ಕೇ: ಗಾಳಿಯ ತೇವ ಕುಡಿದು ಸಡಿಲಾದ ತೊಗಲು ಕಾವಿಗೆ ಮತ್ತೆ ಬಿಗಿಯಾಗಿ ನಾದ ಬಿಡುತ್ತದೆ. ಹದ ಮಾಡಿದ ಚಪ್ಪಲಿಯ ಚರ್ಮವನ್ನು ಎಷ್ಟು ಕಾಯಿಸಿದರೂ ಆ ನಾದ ಬರುವುದಿಲ್ಲ. ಅಂದಹಾಗೆ, ಪಟಿಕ ಹಾಕುವ ಗಂಟು ಸಡಿಲು. ನೀರಿನಲ್ಲಿ ನೆನೆದರೆ ಬಿಚ್ಚಿಕೊಳ್ಳುತ್ತದೆ. ಆ ಹಾಸನ್ನು ಒಗೆಯಬೇಡ ಎಂದು ಹುಡುಗನಿಗೆ ಮೊದಲೇ ಹೇಳಿದೆ.

ಈಗ ಲೆಕ್ಕ. ಮೂರು ಕೆ.ಜಿ ಹಸಿ ತೊಗಲು ಕೆಡದಂತೆ ಇಡಲು ಅದರ ಅರ್ಧದಷ್ಟು ಉಪ್ಪು ಬೇಕು. ನಂತರದ ದ್ರಾವಣದ್ದೂ ಸೇರಿ ಅವನು ಬಳಸಿದ್ದು ಮೂರು ಕೆ.ಜಿ ಉಪ್ಪು. ಒಬ್ಬರು ದಿನಕ್ಕೆ ಸುಮಾರು 10 ಗ್ರಾಂ ತಿನ್ನುತ್ತಾರೆ ಎಂದುಕೊಂಡರೆ ನಾಲ್ಕು ಜನರ ಮನೆಯಿಂದ ಟ್ಯಾಂಕಿಗೆ ಇಳಿಯುವುದು ದಿನಕ್ಕೆ 40 ಗ್ರಾಂ. ಅಂದರೆ ಒಂದು ಕುರಿಯ ತೊಗಲು ಎಪ್ಪತ್ತೈದು ದಿನಗಳ ಉಪ್ಪನ್ನು ಒಂದೇ ಮಧ್ಯಾಹ್ನ ಇಳಿಸುತ್ತದೆ. ಟ್ಯಾಂಕು ಅದರಲ್ಲಿ ಒಂದು ಹರಳನ್ನೂ ತಿನ್ನುವುದಿಲ್ಲ. ಕೊಳೆಯುವುದು ಅಲ್ಲಿ ಅನಿಲವಾಗುತ್ತದೆ, ಭಾರವಾದದ್ದು ತಳಕ್ಕೆ ಕೂರುತ್ತದೆ; ಕರಗಿದ ಉಪ್ಪು ಬಸ್ ನಿಲ್ದಾಣದಲ್ಲಿ ಇಳಿಯದ ಪ್ರಯಾಣಿಕನಂತೆ ಆ ಬಾಗಿಲಿನಿಂದ ಈ ಬಾಗಿಲಿಗೆ ದಾಟಿ ಮಣ್ಣಿಗೆ ಹೋಗುತ್ತದೆ. ‘ನೀರು ಜಾಸ್ತಿ ಬಿಟ್ಟರಾಯಿತು’ ಎನ್ನುವವರಿಗೆ ಇನ್ನೊಂದು ಲೆಕ್ಕ: ಕುಡಿಯುವ ನೀರಿನಲ್ಲಿ ಕರಗಿದ ಲವಣಗಳ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಮೂರು ಕೆ.ಜಿಯನ್ನು ಆ ಮಟ್ಟಕ್ಕೆ ತೆಳುಗೊಳಿಸಲು ಒಂದಿಷ್ಟೂ ಲವಣವಿಲ್ಲದ ನೀರೇ 6,000 ಲೀಟರ್ ಬೇಕು.

ಪಟಿಕದ ಕಥೆ ಬೇರೆ. ಗಡ್ಡ ಹೆರೆದ ಮೇಲೆ ಉಜ್ಜುವ ಕಲ್ಲು, ರಾಡಿ ನೀರನ್ನು ತಿಳಿ ಮಾಡುವ ಕಲ್ಲು. ಅದರಿಂದೇನು ಅಪಾಯ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಅದು ಸಲ್ಫೇಟ್. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಆಮ್ಲಜನಕದ ಬದಲು ಸಲ್ಫೇಟನ್ನೇ ‘ಉಸಿರಾಡುವ’ ಬ್ಯಾಕ್ಟೀರಿಯಾಗಳಿವೆ. ಪಟಿಕ ಸುರಿದರೆ ಇವು ಸಾಯುವುದಿಲ್ಲ, ಹಬ್ಬ ಮಾಡುತ್ತವೆ. ಹಬ್ಬದ ಹೊಗೆಯೇ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಒಂದು ಕೆ.ಜಿ ಪಟಿಕದ ಸಲ್ಫೇಟ್ ಪೂರ್ತಿ ಪರಿವರ್ತನೆಯಾದರೆ ಅದು ಸುಮಾರು 140 ಗ್ರಾಂ, ಅಂದರೆ ನೂರು ಲೀಟರಿನಷ್ಟು. ಗಾಳಿಗಿಂತ ಭಾರವಾದ ಇದು ಗುಂಡಿಯಲ್ಲೇ ತಂಗುತ್ತದೆ. ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ ಮುಟ್ಟಿದರೆ ಮೂಗಿನ ಅರಿವನ್ನೇ ಕೊಲ್ಲುತ್ತದೆ. ‘ವಾಸನೆ ಹೋಯಿತು’ ಎಂದು ಇಳಿದವನು ಮೇಲೆ ಬರುವುದಿಲ್ಲ. ಟ್ಯಾಂಕಿಗೆ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧವಾಗಿದ್ದರೂ ಸಾವಿನ ಸುದ್ದಿ ನಿಂತಿಲ್ಲ. ಕೂದಲು ತೆಗೆಯಲು ಸೋಡಿಯಂ ಸಲ್ಫೈಡ್ ಬಳಸಿ ಆ ನೀರಿಗೆ ಆಮ್ಲ ಬೆರೆಸುವವರಿಗೆ ಟ್ಯಾಂಕೂ ಬೇಕಿಲ್ಲ, ಬಕೆಟ್ಟೇ ಸಾಕು.

ಇಷ್ಟು ಹೇಳಿದರೂ ಹುಡುಗನ ಕಣ್ಣಿನಲ್ಲಿ ಉಪ್ಪು ನಿರಪರಾಧಿಯೇ. “ಊಟಕ್ಕೆ ಹಾಕಿಕೊಳ್ಳುತ್ತೇವಲ್ಲ ಕಾಕಾ” ಎಂದ. ಆಗ ಎರೆಮಣ್ಣಿನ ಮಾತು ತೆಗೆಯಬೇಕಾಯಿತು. ಇದು ನನ್ನ ಮೆಚ್ಚಿನ ವಿಷಯ, ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಗದಗಿನ ಕಡೆ ಹೋದರೆ ಕಪ್ಪು ಎರೆಭೂಮಿ. ಎರೆಯ ಜೇಡಿಯ ಕಣ ಎಂದರೆ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಖಡಕ್ ರೊಟ್ಟಿ. ಒಂದೊಂದು ‘ರೊಟ್ಟಿ’ಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ರೊಟ್ಟಿಗಳ ಮೈ ಋಣ ವಿದ್ಯುದಂಶದ್ದು, ಆದ್ದರಿಂದ ತಮ್ಮಷ್ಟಕ್ಕೆ ಒಂದನ್ನೊಂದು ದೂಡುತ್ತವೆ. ನಡುವೆ ಕ್ಯಾಲ್ಸಿಯಂ ಇದ್ದರೆ ಅದಕ್ಕೆ ಎರಡು ಕೈ: ಒಂದರಿಂದ ಮೇಲಿನದನ್ನು, ಇನ್ನೊಂದರಿಂದ ಕೆಳಗಿನದನ್ನು ಹಿಡಿದುಕೊಳ್ಳುತ್ತದೆ. ಕಟ್ಟು ಭದ್ರ, ಕಟ್ಟುಗಳ ನಡುವೆ ನೀರಿಗೆ ದಾರಿ. ಸೋಡಿಯಂಗೆ ಒಂದೇ ಕೈ. ಮೇಲಾಗಿ ಒಂದು ಕ್ಯಾಲ್ಸಿಯಂನ ಜಾಗಕ್ಕೆ ಎರಡು ಸೋಡಿಯಂ ಬೇಕು, ಒಂದೊಂದೂ ಮದುವೆಗೆ ಕರೆದರೆ ಊರನ್ನೇ ಕಟ್ಟಿಕೊಂಡು ಬರುವ ನೆಂಟನಂತೆ, ತನ್ನ ಸುತ್ತ ನೀರಿನ ದಿಬ್ಬಣವನ್ನೇ ತರುತ್ತದೆ. ಕ್ಯಾಲ್ಸಿಯಂನ ಜಾಗದಲ್ಲಿ ಅದು ಕುಳಿತರೆ ರೊಟ್ಟಿಗಳು ದೂರ ಸರಿದು, ಬಿಡಿಬಿಡಿಯಾಗಿ ತೇಲಿ, ನೀರು ಹೋಗುವ ಸಂದುಗಳಿಗೆಲ್ಲ ಒದ್ದೆ ಹಪ್ಪಳದ ಹಾಗೆ ಅಂಟಿಕೊಳ್ಳುತ್ತವೆ.

ಬಾಯಿಮಾತು ಸಾಲದೆಂದು ಮನೆಯಲ್ಲೇ ಮಾಡಿ ತೋರಿಸಿದೆ. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗು ಮಾಡಿ, ಅವನ ನಿವೇಶನದ್ದೇ ಎರೆಮಣ್ಣನ್ನು ಪುಡಿ ಮಾಡಿ ತುಂಬಿದೆ. ಒಂದಕ್ಕೆ ಮೊದಲಿನಿಂದಲೂ ಬರೀ ನೀರು, ಇನ್ನೊಂದಕ್ಕೆ ಉಪ್ಪುನೀರು. ಉಪ್ಪುನೀರಿನದ್ದೇ ಚುರುಕಾಗಿ ತೊಟ್ಟಿಕ್ಕತೊಡಗಿತು! ಹುಡುಗ ನಕ್ಕ. ಉಪ್ಪು ದಟ್ಟವಾಗಿರುವ ತನಕ ಜೇಡಿಕಣಗಳು ಗುಂಪುಗೂಡಿಯೇ ಇರುತ್ತವೆ ಎಂದು ನನಗೆ ಗೊತ್ತಿದ್ದರೂ ಸುಮ್ಮನಿದ್ದೆ. ಸಂಜೆ ಅದೇ ಬಾಟಲಿಗೆ, ಮಾಳಿಗೆಯಿಂದ ಹಿಡಿದಿಟ್ಟಿದ್ದ ಮಳೆನೀರು ಹಾಕಿದೆ. ಮೊದಲು ಹನಿ ಚಹದ ಬಣ್ಣಕ್ಕೆ ತಿರುಗಿತು, ಆಮೇಲೆ ನಿಧಾನವಾಯಿತು, ರಾತ್ರಿ ಊಟದ ಹೊತ್ತಿಗೆ ನಿಂತಿತು. ಬೆಳಗ್ಗೆ ನೋಡಿದರೆ ಮಣ್ಣಿನ ಮೇಲೆ ನಾಲ್ಕು ಬೆರಳು ನೀರು ಹಾಗೇ ಇದೆ. ಬೆರಳಿಟ್ಟರೆ ಬೆಣ್ಣೆಯಂತೆ ಜಾರುತ್ತದೆ. ಪಕ್ಕದ ಬಾಟಲಿ ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು. ಇಂಗುಗುಂಡಿಯಲ್ಲಿಯೂ ಹೀಗೇ. ಉಪ್ಪು ಸುರಿದ ದಿನ ಏನೂ ತಿಳಿಯುವುದಿಲ್ಲ. ಮೊದಲ ಮಳೆ ಬಿದ್ದ ವಾರ ಕಕ್ಕಸಿನ ನೀರು ಹಿಂದಕ್ಕೆ ಬಂದಾಗ ಸಕ್ಕಿಂಗ್ ಯಂತ್ರದವರಿಗೆ ಫೋನು ಮಾಡುತ್ತೇವೆ, ಮಾರ್ಚಿಯ ಬಕೆಟ್ ಯಾರ ನೆನಪಿನಲ್ಲೂ ಇರುವುದಿಲ್ಲ. ಮಲಪ್ರಭಾ ಕಾಲುವೆಯ ಸೀಮೆಯ ರೈತರಿಗೆ ಇದು ಹೊಸದಲ್ಲ. ಸವಳು-ಜವಳು, ಅಂದರೆ ಉಪ್ಪೇರಿ ನೀರು ನಿಂತು ಕೆಟ್ಟ ಭೂಮಿ, ಅವರಿಗೆ ಎಕರೆಗಟ್ಟಲೆ ಗೊತ್ತು. ಅವರು ಜಿಪ್ಸಂ ಹಾಕುವುದು ಕ್ಯಾಲ್ಸಿಯಂನ ಆ ಎರಡು ಕೈಗಳಿಗಾಗಿಯೇ.

ಕೆಂಪು ಮಣ್ಣಿನವರು ಖುಷಿಪಡಬೇಕಿಲ್ಲ. ಅಲ್ಲಿ ಉಪ್ಪು ಸರಾಗವಾಗಿ ಇಳಿದು ಬೋರ್‌ವೆಲ್ ಸೇರುತ್ತದೆ. ತಮಿಳುನಾಡಿನ ಪಾಲಾರ್ ಕಣಿವೆಯಲ್ಲಿ ಚರ್ಮದ ಕಾರ್ಖಾನೆಗಳು ಬಿಟ್ಟ ನೀರಿನಿಂದ ಬಾವಿಗಳು ಉಪ್ಪಾಗಿ, 1996ರಲ್ಲಿ ಸುಪ್ರೀಂ ಕೋರ್ಟ್ ‘ಕೆಡಿಸಿದವನೇ ತೆರಬೇಕು’ ಎಂಬ ತತ್ವವನ್ನು ಎತ್ತಿಹಿಡಿಯಿತು. ಅಲ್ಲಿ ಜನರ ಬಾಯಲ್ಲಿದ್ದದ್ದು ಕಾರ್ಖಾನೆಗಳು ಹದಕ್ಕೆ ಬಳಸುವ ಕ್ರೋಮಿಯಂ ಎಂಬ ಲೋಹ; ಬಾವಿಗಳಲ್ಲಿ ಹೆಚ್ಚಾಗಿ ಇದ್ದದ್ದು ಉಪ್ಪು.

‘ಹಿಂದಿನವರು ಜಾಲಿ ತೊಗಟೆಯಲ್ಲೇ ಮಾಡುತ್ತಿದ್ದರು, ಅದು ನೈಸರ್ಗಿಕ’ ಎನ್ನುವವರಿಗೂ ಒಂದು ಮಾತು. ತೊಗಟೆ, ತಂಗಡಿ, ಅಳಲೆಕಾಯಿಗಳ ಟ್ಯಾನಿನ್ ತೊಗಲಿನ ಪ್ರೋಟೀನಿಗೆ ಅಂಟುವ ಹಾಗೆಯೇ ಬ್ಯಾಕ್ಟೀರಿಯಾದ ಕಿಣ್ವಗಳಿಗೂ ಅಂಟುತ್ತದೆ. ಟ್ಯಾಂಕಿನ ಜೀವಿಗಳಿಗೆ ನಿಜವಾಗಿ ಕಿರುಕುಳ ಕೊಡುವುದು ಈ ‘ನೈಸರ್ಗಿಕ’ದ್ದೇ. ಗಾಳಿಯಾಡುವ ಮಣ್ಣಿನಲ್ಲಾದರೆ ಶಿಲೀಂಧ್ರಗಳು ಅದನ್ನು ನಿಧಾನವಾಗಿ ಒಡೆಯುತ್ತವೆ; ತೆಳು ಮಾಡಿ ಗಿಡದ ಬುಡದಿಂದ ದೂರ, ಗೊಬ್ಬರದ ತಿಪ್ಪೆಗೆ ಹಾಕುವುದು ಲೇಸು. ಹಿಂದಿನವರು ಎಂದರೆ ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಸಮಾಧಿಯಿರುವ ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯನ ಕಾಯಕ ತೊಗಲು ಹದ ಮಾಡುವುದು. ಯಾವ ನೀರನ್ನು ಎಲ್ಲಿ ಚೆಲ್ಲಬೇಕು ಎಂಬ ಅರಿವು ಇದ್ದವರನ್ನು ನಾವು ವಾಸನೆಯ ನೆಪದಲ್ಲಿ ಊರ ಹೊರಗಿಟ್ಟೆವು. ಈಗ ಅದೇ ವಿದ್ಯೆಯನ್ನು ವಿಡಿಯೊದಲ್ಲಿ ಕಲಿಯುತ್ತಿದ್ದೇವೆ, ಕೊನೆಯ ಪಾಠವೊಂದನ್ನು ಬಿಟ್ಟು.

ಬಕೆಟ್‌ಗಳಿಗೆ ಬರುತ್ತೇನೆ. ಪಟಿಕದ ನೀರಿಗೆ ತಿಳಿ ಸುಣ್ಣದ ಗಂಜಿಯನ್ನು ಸ್ವಲ್ಪಸ್ವಲ್ಪವೇ ಬೆರೆಸಿದೆವು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು. ಒಂದು ಕೆ.ಜಿ ಪಟಿಕಕ್ಕೆ ಕಾಲು ಕೆ.ಜಿಗೂ ಚೂರು ಕಡಿಮೆ ಸುಣ್ಣ ಸಾಕು. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅರಿಶಿನ ಬಳಿದ ಕಾಗದದ ಚೂರು: ಆರತಿಯ ನೀರಿನಂತೆ ಕೆಂಪಾದರೆ ಸುಣ್ಣ ಮಿಕ್ಕಿತು, ಅಲ್ಯೂಮಿನಿಯಂ ಮತ್ತೆ ಕರಗತೊಡಗುತ್ತದೆ, ಕೆಂಪಾಗುವ ಮೊದಲೇ ಕೈ ಹಿಡಿಯಬೇಕು. ಅಡುಗೆ ಸೋಡಾದಿಂದಲೂ ಆಗುತ್ತಿತ್ತು, ಆದರೆ ಅದು ಮತ್ತೆ ಸೋಡಿಯಂ. ರಾತ್ರಿ ಕಳೆಯುವುದರಲ್ಲಿ ತಳದಲ್ಲಿ ಗಸಿಯಂಥ ಬಿಳಿ ಲೋಳೆ, ಜೊತೆಗೆ ಒಂದಷ್ಟು ಜಿಪ್ಸಂ. ಮೇಲೆ ತಿಳಿ ಉಪ್ಪುನೀರು. ಲೋಳೆಯನ್ನು ಸೋಸಿ ಒಣಗಿಸಿ ಒಣಕಸದ ಗಾಡಿಗೆ ಕೊಟ್ಟ. ಉಪ್ಪುನೀರನ್ನು ಮಾಳಿಗೆಯ ಮೇಲೆ ತಾಡಪತ್ರಿಯಲ್ಲಿ ಹರಡಿದ. ಎರಡು ಚದರ ಮೀಟರಿಗೆ 20 ಲೀಟರ್ ಎಂದರೆ ಆಳ ಒಂದೇ ಸೆಂಟಿಮೀಟರ್. ನಮ್ಮ ಬೇಸಿಗೆಯ ಬಿಸಿಲು ಅದನ್ನು ಕೆಲವೇ ದಿನಗಳಲ್ಲಿ ಹೀರಿತು. ಕೆರೆದು ತೆಗೆದ ಬೂದುಬಣ್ಣದ ಉಪ್ಪು ಡಬ್ಬಿ ಸೇರಿತು, ಮುಂದಿನ ಪಟಿಕದ ದ್ರಾವಣಕ್ಕೆ. ಹಸಿ ತೊಗಲಿಗೆ ಮಾತ್ರ ಅದನ್ನು ಸವರಬಾರದು. ಉಪ್ಪನ್ನೇ ಮೆಚ್ಚುವ ಸೂಕ್ಷ್ಮಜೀವಿಗಳು ಅದರಲ್ಲಿ ಉಳಿದು ತೊಗಲಿಗೆ ಕೆಂಪು ಕಲೆ ಹತ್ತಿಸುತ್ತವೆ.

ಎಲ್ಲ ಮುಗಿದ ಮೇಲೆ ಹುಡುಗ ಕಪಾಟಿನಿಂದ ಇನ್ನೊಂದು ಪೊಟ್ಟಣ ತೆಗೆದ. ಹಸಿರು ಪುಡಿ, ಕ್ರೋಮಿಯಂ ಲವಣ. ಮುಂದಿನ ತೊಗಲಿಗೆಂದು ಆನ್‌ಲೈನ್‌ನಲ್ಲಿ ತರಿಸಿದ್ದನಂತೆ. ಅಮೆರಿಕದ ಅಗಸ್ಟಸ್ ಶುಲ್ಟ್ಜ್ 1884ರಲ್ಲಿ ಕ್ರೋಮ್ ಹದಕ್ಕೆ ಪೇಟೆಂಟ್ ಪಡೆದ ಮೇಲೆ ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು, ನಿಜ. ಆದರೆ ಸಾಮಾನ್ಯ ವಿಧಾನದಲ್ಲಿ ಹಾಕಿದ ಕ್ರೋಮಿಯಂನಲ್ಲಿ ಮೂರನೇ ಒಂದು ಭಾಗದಷ್ಟು ನೀರಿನಲ್ಲೇ ಉಳಿಯುತ್ತದೆ. ಕಾರ್ಖಾನೆಗಳಿಗೆ ಹೊರಬಿಡುವ ನೀರಿನಲ್ಲಿ ಇರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಸುಣ್ಣ ಹಾಕಿ ತಳಕ್ಕೆ ಕೂರಿಸಿದರೂ ಆ ರಾಡಿ 2016ರ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯ, ಕಸದ ಗಾಡಿಗೆ ಕೊಡುವಂತಿಲ್ಲ. ಚರ್ಮದ ಚೂರುಗಳನ್ನು ಸುಟ್ಟರೆ ಕ್ಯಾನ್ಸರ್ ತರುವ ಆರು ವೇಲೆನ್ಸಿಯ ಕ್ರೋಮಿಯಂ ಬೂದಿಯಲ್ಲಿ ಹುಟ್ಟಬಹುದು. ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್‌ಗಳೂ ಆ ಕೆಲಸ ಮಾಡಬಲ್ಲವು. ಮನೆಯಲ್ಲಿ ಇದನ್ನು ವಿಲೇವಾರಿ ಮಾಡುವ ಸುರಕ್ಷಿತ ದಾರಿಯೇ ಇಲ್ಲ.

“ಹಾಗಾದರೆ ಇದನ್ನೇನು ಮಾಡಲಿ ಕಾಕಾ?”

“ಒಡೆಯಬೇಡ ತಮ್ಮಾ, ನನ್ನ ಕೈಗೆ ಕೊಡು” ಎಂದೆ. ಮಾರಿದವನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಪೊಟ್ಟಣ ನನ್ನ ಹಳೆಯ ಪರೀಕ್ಷಾ ಕಾಗದಗಳ ಪಕ್ಕದಲ್ಲಿ ಬೀಗ ಹಾಕಿದ ಕಪಾಟಿನಲ್ಲಿದೆ. ಬಳಸುವ ಪ್ರಯೋಗಾಲಯ ಯಾವುದಾದರೂ ಸಿಗುತ್ತದೆಯೇ ಎಂದು ಮೂರು ಕಾಲೇಜುಗಳಲ್ಲಿ ಕೇಳಿದ್ದಾಯಿತು. ನಾಲ್ಕನೆಯದಕ್ಕೆ ಸೋಮವಾರ ಹೋಗಬೇಕು.