ಪ್ಯಾಡಿಗೇಕೆ ಬೀಗ?

ಗ್ರಂಥಾಲಯದಲ್ಲಿ ಉಚಿತವಾಗಿ ಮುಟ್ಟಿನ ಪ್ಯಾಡ್ ಇಡಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಬೇಡ. ಇಡೋಣ ಎಂದು ಒಪ್ಪಿಕೊಂಡವರೇ ನನಗೆ ತಲೆನೋವು. ಪೊಟ್ಟಣಗಳನ್ನು ತರಿಸಿ ಕೌಂಟರಿನ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಾರೆ. 'ಬೇಕಾದವರು ಸಿಬ್ಬಂದಿಯನ್ನು ಕೇಳಿ' ಎಂದು ಚೀಟಿ ಅಂಟಿಸುತ್ತಾರೆ. ಕೆಲವು ತಿಂಗಳಾದ ಮೇಲೆ, ಯಾರೂ ಕೇಳಲಿಲ್ಲ, ಬೇಡಿಕೆಯೇ ಇಲ್ಲ ಅಂತ ವರದಿ!

ಅಲ್ಲ ಸ್ವಾಮಿ, ಮುಟ್ಟಾಗಿರುವುದು ಗೊತ್ತಾಗುವುದು ಎಲ್ಲಿ? ಎಷ್ಟೋ ಸಲ ಶೌಚಾಲಯದ ಒಳಗೇ. ಅಲ್ಲಿಂದ ಅವಳು ಹೇಗೋ ಬಟ್ಟೆ ಸರಿಮಾಡಿಕೊಂಡು, ಓದುವ ಕೋಣೆ ದಾಟಿ, ಪುಸ್ತಕ ಹಿಂದಿರುಗಿಸುವವರ ಸಾಲಿನಲ್ಲಿ ನಿಂತು, ಹಿಂದಿನವರಿಗೆ ಕೇಳದ ಹಾಗೆ ಪಿಸುಗುಡಬೇಕು. ಗ್ರಂಥಾಲಯದಲ್ಲಿ ಪಿಸುಮಾತೂ ದೂರ ಕೇಳುತ್ತದೆ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರಂತೂ ಮುಗಿಯಿತು. ಇಷ್ಟೆಲ್ಲ ಪಡಿಪಾಟಲು ಪಡುವ ಬದಲು ಅವಳು ಪುಸ್ತಕ ಮುಚ್ಚಿಟ್ಟು ಮನೆಗೆ ಹೋಗುತ್ತಾಳೆ. ಹಾಗೆ ಎದ್ದುಹೋದವಳು ನಿಮ್ಮ ವರದಿಯಲ್ಲಿ ಕಾಣುವುದಿಲ್ಲ.

ಒಂದು ಕಡೆ ಹೆಸರು, ಸದಸ್ಯತ್ವ ಸಂಖ್ಯೆ, ಸಹಿಗೆ ಪ್ರತ್ಯೇಕ ರಿಜಿಸ್ಟರನ್ನೇ ತೆರೆದಿದ್ದರು. ನಮ್ಮ ವೃತ್ತಿಯವರಿಗೆ ದಾಖಲೆಯ ಚಟ, ಏನು ಮಾಡುವುದು! ಅಲ್ಲಿನ ಸಮಿತಿಯ ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, "ಒಬ್ಬಳೇ ಹತ್ತು ತಗೊಂಡು ಹೋದರೆ ಏನ್ ಮಾಡ್ತೀರಿ ಮೇಡಂ?" ಎಂದು ಕೇಳಿದರು. "ಹೋಗಲಿ ಬಿಡಿ ಸರ್, ಅವು ವಾಪಸ್ ಬರಬೇಕಾದ ಪುಸ್ತಕಗಳಲ್ಲವಲ್ಲ" ಎಂದೆ. ಮನೆಯಲ್ಲಿ ಪ್ಯಾಡ್ ಇಲ್ಲದವಳೇ ಅಲ್ಲವೇ ಹತ್ತು ಒಯ್ಯುವುದು?

ಸ್ಕಾಟ್ಲೆಂಡಿನ 2021ರ ಕಾಯ್ದೆ 2022ರ ಆಗಸ್ಟ್ 15ರಿಂದ ಮುಟ್ಟಿನ ಸಾಮಗ್ರಿ ಉಚಿತವಾಗಿ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿದೆ. ಉಚಿತವಾಗಿ ಕೊಟ್ಟರಷ್ಟೇ ಅಲ್ಲಿ ಸಾಲದು. ಸುಲಭವಾಗಿ ಸಿಗಬೇಕು, ಪಡೆಯುವವರ ಘನತೆ ಉಳಿಯಬೇಕು, ಆಯ್ಕೆಯೂ ಇರಬೇಕು. ಬೀಗದ ಡ್ರಾಯರಿಗೆ ಈ ಮೂರೂ ಆಗದ ಮಾತು.

ಹಾಗಾಗಿ ಶೌಚಾಲಯದ ಒಳಗೇ ಇಡಿ, ಸಾಧ್ಯವಿದ್ದರೆ ಪ್ರತಿ ಕೋಣೆಯಲ್ಲೂ. ಅಂಗವಿಕಲರ ಶೌಚಾಲಯವನ್ನು ಮರೆಯಬೇಡಿ. ಅಲ್ಲಿ ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಎಟುಕುವ ಎತ್ತರದಲ್ಲಿರಲಿ. ಮುಚ್ಚಳವಿರುವ ಕಸದ ಡಬ್ಬಿ ಬಾಗಿಲ ಹೊರಗಲ್ಲ, ಒಳಗಿರಬೇಕು. ಇಲ್ಲದಿದ್ದರೆ ಪ್ಯಾಡು ಕಮೋಡಿಗೆ ಹೋಗುತ್ತದೆ. ತೇವ ಹೀರಿ ಉಬ್ಬುವುದೇ ಅದರ ಗುಣವಾದ್ದರಿಂದ ಕೊಳವೆ ಕಟ್ಟಿಕೊಳ್ಳುತ್ತದೆ, ಮುಂದಿನ ಸಭೆಯಲ್ಲಿ ಇಡೀ ಯೋಜನೆಗೇ ಕುತ್ತು.

ಟ್ಯಾಂಪೂನ್ (ಯೋನಿಯೊಳಗೆ ಸೇರಿಸಿಕೊಳ್ಳುವ, ರಕ್ತ ಹೀರುವ ಸುರುಳಿ) ಇಡುವ ಗ್ರಂಥಾಲಯದವರು ಒಂದು ಎಚ್ಚರ ವಹಿಸಬೇಕು. ಪೊಟ್ಟಣ ಒಡೆದು ಬಿಡಿಯಾಗಿ ಇಟ್ಟಾಗ ಒಳಗಿನ ಸೂಚನಾ ಪತ್ರ ಕಸಕ್ಕೆ ಹೋಗುತ್ತದೆ. ಎಂಟು ಗಂಟೆಗಿಂತ ಹೆಚ್ಚು ಹೊತ್ತು ಬಳಸಬಾರದು ಎಂಬುದನ್ನು ಪಕ್ಕದಲ್ಲೇ ಬರೆದು ಅಂಟಿಸಿ. ಬ್ಯಾಕ್ಟೀರಿಯಾದ ವಿಷದಿಂದ ಬರುವ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಕಾಯಿಲೆ ತೀರಾ ಅಪರೂಪ, ಆದರೆ ಬಂದರೆ ಪ್ರಾಣಕ್ಕೇ ಅಪಾಯ. ಹೆಚ್ಚಿನದನ್ನು ವೈದ್ಯರೇ ಹೇಳಬೇಕು, ನಾನು ಗ್ರಂಥಪಾಲಕಿ.

ಖರ್ಚು ಎಷ್ಟಾದೀತು ಎಂಬುದು ನಿಮ್ಮ ಓದುಗರ ಸಂಖ್ಯೆಯ ಮೇಲೆ ಹೋಗುತ್ತದೆ, ನನ್ನ ಅಂದಾಜು ನಿಮಗೆ ಹೊಂದಲಿಕ್ಕಿಲ್ಲ. ಶುರುವಿನಲ್ಲಿ ಡಬ್ಬ ಬೇಗ ಬರಿದಾದೀತು. ಆಗ ಗಾಬರಿಬಿದ್ದು ಉಳಿದದ್ದನ್ನು ಮತ್ತೆ ಡ್ರಾಯರಿಗೆ ಸೇರಿಸಬೇಡಿ. ಶೌಚಾಲಯ ತೊಳೆಯುವವರ ಕೈಗೇ ದಾಸ್ತಾನು ಕೊಟ್ಟು, ಸೋಪಿನ ಜೊತೆಗೆ ಇದನ್ನೂ ತುಂಬಿಸಲು ಹೇಳಿ.